ಯುನೆಸ್ಕೋ ಪಟ್ಟಿಗೆ ಸೇರಿದರೆ ಶ್ರೀರಂಗಪಟ್ಟಣಕ್ಕೆ ಎಷ್ಟು ಕೋಟಿ ಬರುತ್ತೆ?

ಪ್ರಶ್ನೆ: ಶ್ರೀರಂಗಪಟ್ಟಣ ಯುನೆಸ್ಕೋ ಪಟ್ಟಿಗೆ ಸೇರೋದು ಯಾವಾಗ? ಸೇರಿದರೆ ಎಷ್ಟು ಅನುದಾನ ಬರುತ್ತೆ? ಆ ದುಡ್ಡಲ್ಲಿ ಕೋಟೆ ರಿಪೇರಿ ಮಾಡಿಸಿ, ಒಳಗಿನ ರಸ್ತೆಗಳನ್ನೂ ಅಗಲ ಮಾಡಬಹುದಲ್ವಾ?

ಉತ್ತರ: ಸೊನ್ನೆ. ಊರಿನ ಹೆಸರು ಬದಲಾಗುತ್ತೆ, ಪ್ರಶ್ನೆ ಮಾತ್ರ ಇದೇ. ಹಾಗಾಗಿ ಈ ಸಲ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಯುನೆಸ್ಕೋದ ಈ ವಿಶ್ವ ಪರಂಪರೆ ಪಟ್ಟಿ ಅನುದಾನದ ಯೋಜನೆಯಲ್ಲ. ಅದರ ಬುಡದಲ್ಲಿರುವುದು 1972ರ ಒಂದು ಅಂತರರಾಷ್ಟ್ರೀಯ ಒಪ್ಪಂದ. ‘ಈ ಜಾಗವನ್ನು ನಾವೇ, ನಮ್ಮ ಖರ್ಚಿನಲ್ಲೇ ಕಾಪಾಡುತ್ತೇವೆ’ ಅಂತ ದೇಶವೇ ಬರೆದುಕೊಡುವ ಮುಚ್ಚಳಿಕೆ. ವಿಶ್ವ ಪರಂಪರೆ ನಿಧಿ ಅಂತ ಒಂದಿದೆ, ನಿಜ. ಅದಕ್ಕೆ ಸದಸ್ಯ ದೇಶಗಳು ಕೊಡುವುದು ಯುನೆಸ್ಕೋಗೆ ಕಟ್ಟುವ ವಂತಿಗೆಯ ಹೆಚ್ಚೆಂದರೆ 1 ಪರ್ಸೆಂಟ್. ಆ ಗಂಟಿನ ಮೇಲೆ ಕಣ್ಣಿಟ್ಟಿರುವ ತಾಣಗಳು ಪ್ರಪಂಚದಲ್ಲಿ 1,200ಕ್ಕೂ ಹೆಚ್ಚು. ಅಪಾಯದಲ್ಲಿರುವ ತಾಣಗಳಿಗೆ, ಬಡ ದೇಶಗಳಿಗೆ ಮೊದಲ ಪಾಲು. ಪಟ್ಟಿಗೆ ಸೇರಿಸಿ ಅಂತ ಕೇಳುವ ಕಡತ ತಯಾರಿಸಲು ಸಿಗುವ ನೆರವಿನ ಮಿತಿ 30 ಸಾವಿರ ಡಾಲರ್, ಅದೂ ಮೊದಲು ಬಡ ದೇಶಗಳಿಗೇ. ಅಷ್ಟರಲ್ಲಿ ಕೋಟೆ ಗೋಡೆ ಇರಲಿ, ಒಂದು ಮೂಲೆಯ ಗಾರೆ ಕೆಲಸ ಮುಗಿದರೆ ದೊಡ್ಡದು.

ಇನ್ನು ರಸ್ತೆ ಅಗಲ ಮಾಡುವ ಮಾತು. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. 2010ರ ತಿದ್ದುಪಡಿ ಬಂದ ಮೇಲೆ, ಆ ಮೊದಲ 100 ಮೀಟರಿನಲ್ಲಿ ಸಾರ್ವಜನಿಕ ಕಾಮಗಾರಿ ಅಂದರೂ ಹೊಸದಾಗಿ ಕಟ್ಟಲು ಅನುಮತಿಯಿಲ್ಲ. ಇರುವ ಮನೆಯ ದುರಸ್ತಿಗೂ ಅರ್ಜಿ ಹಾಕಿಕೊಂಡೇ ಕೈ ಹಚ್ಚಬೇಕು. ‘ಯುನೆಸ್ಕೋ ಬಂದರೆ ಮನೆ ಕಟ್ಟೋಕೆ ಬಿಡಲ್ಲ’ ಎಂದು ಹೆದರುವವರೂ ಇದನ್ನು ಗಮನಿಸಿ: ಯುನೆಸ್ಕೋ ಇನ್ನೂ ಬಂದಿಲ್ಲ, ಕಾನೂನು ಆಗಲೇ ಬಂದು ಕೂತಿದೆ.

‘ಹಂಪಿಗೆ ಬಂತಲ್ಲ?’ ಅಂತೀರಿ. 1986ರಲ್ಲಿ ಹಂಪಿ ಪಟ್ಟಿಗೆ ಸೇರಿತು. 1999ರಲ್ಲಿ ಅಲ್ಲಿ ಕಟ್ಟುತ್ತಿದ್ದ ಸೇತುವೆಗಳ ಕಾರಣಕ್ಕೆ ಅಪಾಯದ ಪಟ್ಟಿಗೆ ಬಿತ್ತು. ಹೊರಬಂದದ್ದು 2006ರಲ್ಲಿ. ನಡುವೆ, 2002ರಲ್ಲಿ, ಪ್ರತ್ಯೇಕ ಪ್ರಾಧಿಕಾರಕ್ಕಾಗಿ ರಾಜ್ಯ ಸರ್ಕಾರವೇ ಕಾಯ್ದೆ ಮಾಡಬೇಕಾಯಿತು. ಆ ಪ್ರಾಧಿಕಾರದ ಸಂಬಳ, ಸಿಬ್ಬಂದಿ ಯಾರ ತಲೆಗೆ? ನಮ್ಮದೇ. ಜರ್ಮನಿಯ ಡ್ರೆಸ್ಡೆನ್ ಅಂತೂ ಒಂದು ಸೇತುವೆಗಾಗಿ 2009ರಲ್ಲಿ ಪಟ್ಟಿಯಿಂದಲೇ ಹೋಯಿತು.

ಈಗ ‘ಯಾವಾಗ’ ಅನ್ನೋದಕ್ಕೆ ಬರೋಣ. ಶ್ರೀರಂಗಪಟ್ಟಣ 2014ರಿಂದ ತಾತ್ಕಾಲಿಕ ಪಟ್ಟಿಯಲ್ಲಿದೆ, ಅಂದರೆ ಮುಂದೆ ಕಡತ ಕಳಿಸಬಹುದಾದ ಜಾಗಗಳ ಪಟ್ಟಿಯಲ್ಲಿ. ಅದೇ ವರ್ಷ ಆ ಪಟ್ಟಿಗೆ ಹೋದ ಹೊಯ್ಸಳ ದೇವಾಲಯಗಳು (ಬೇಲೂರು, ಹಳೇಬೀಡು, ನಮ್ಮ ಸೋಮನಾಥಪುರ) 2023ರಲ್ಲಿ ವಿಶ್ವ ಪರಂಪರೆ ಆದವು. ಒಂದು ದೇಶದಿಂದ ವರ್ಷಕ್ಕೆ ಒಂದೇ ಕಡತ. ಅದನ್ನು ಕಳಿಸೋದು ಭಾರತ ಸರ್ಕಾರ, ಪುರಸಭೆಯಲ್ಲ, ಶಾಸಕರೂ ಅಲ್ಲ. ಸೋಮನಾಥಪುರದಲ್ಲಿ ಒಂದು ದೇವಾಲಯ, ಸುತ್ತ ಪೌಳಿ. ಗಡಿ ಗೆರೆ ಎಳೆಯುವುದು ಸುಲಭ. ಶ್ರೀರಂಗಪಟ್ಟಣ ಜನ ಬಾಳುವ ಊರು. ಕೋಟೆಯೊಳಗೇ ರೈಲ್ವೆ ಸ್ಟೇಷನ್. ಜೋಡಿ ಹಳಿಗೆ ಅಡ್ಡ ಬಂದ ಟಿಪ್ಪು ಕಾಲದ ಒಂದು ಶಸ್ತ್ರಾಗಾರವನ್ನು 2017ರಲ್ಲಿ ಬುಡಸಮೇತ ಬಿಡಿಸಿ, ಜಾಕ್ ಕೊಟ್ಟು, ನೂರು ಮೀಟರಿಗೂ ಆಚೆ ಜರುಗಿಸಿದರು. ಕೆಡವುವುದಕ್ಕಿಂತ ಸಾವಿರ ಪಾಲು ಮೇಲು, ಎಂಜಿನಿಯರುಗಳ ಕೈಗೆ ಮುಗಿಯಬೇಕು. ಆದರೆ ಕಡತ ಪರೀಕ್ಷಿಸುವವರು ಮೊದಲು ಕೇಳೋದೇ ‘ಮೂಲ ಜಾಗದಲ್ಲಿದೆಯಾ?’ ಅಂತ. ಜೊತೆಗೆ ಪುರಾತತ್ವ, ಮುಜರಾಯಿ, ವಕ್ಫ್, ರೈಲ್ವೆ, ನೀರಾವರಿ, ಪುರಸಭೆ ಎಲ್ಲರೂ ಒಪ್ಪಿದ ಒಂದೇ ನಿರ್ವಹಣಾ ಯೋಜನೆ ಬೇಕು. ಯಾವಾಗ ಅನ್ನೋದನ್ನು ನೀವೇ ಲೆಕ್ಕ ಹಾಕಿ.

ನೀವು ಕೇಳಲಿಲ್ಲ, ಆದರೂ ಹೇಳಬೇಕು: ಪ್ರವಾಸಿಗರು ಈಗಲೂ ಬರುತ್ತಿದ್ದಾರಲ್ಲ, ಅವರ ದುಡ್ಡು ಎಲ್ಲಿ ಹೋಗುತ್ತೆ? ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ತಿನ ಟಿಕೆಟ್ ಹಣ ಕೇಂದ್ರದ ಖಜಾನೆಗೆ. ಪುರಸಭೆಗೆ ಸಿಗೋದು ಕಂದಾಯ, ಅಂಗಡಿ ಲೈಸೆನ್ಸು, ತನ್ನ ಜಾಗದ ಬಾಡಿಗೆ, ಪಾರ್ಕಿಂಗು. ಬೆಂಗಳೂರಿನ ಟೂರಿಸ್ಟ್ ಬಸ್ಸು ಬೆಳಿಗ್ಗೆ ರಂಗನಾಥನ ದರ್ಶನ, ದರಿಯಾ ದೌಲತ್ತು, ಗುಂಬಜ್ ಮುಗಿಸಿ, ಊಟದ ಹೊತ್ತಿಗೆ ಮೈಸೂರು ಸೇರುತ್ತೆ. ಸಂಜೆ ಕೆಆರ್‌ಎಸ್ ಕಾರಂಜಿ. ಅದಾದ ಮೇಲೆ ಮೈಸೂರಿನ ಲಾಡ್ಜು, ಇಲ್ಲವೇ ಹೆದ್ದಾರಿ ಹಿಡಿದು ವಾಪಸ್ಸು. ನಮ್ಮೂರಿಗೆ ಉಳಿಯೋದು ಎರಡು ಗಂಟೆ, ಒಂದೊಂದು ಎಳನೀರು. 2023ರಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ಮದ್ದೂರು ವಡೆಗೂ ಬಸ್ಸು ಇಳಿಯೋದು ಕಷ್ಟ.

ಕಾರಂಜಿಯಿಂದ ಮೈಸೂರು ಬದುಕುತ್ತೆ, ಯಾಕೆಂದರೆ ಅದು ಕತ್ತಲಾದ ಮೇಲಿನ ಕೆಲಸ. ರಾತ್ರಿ ಉಳಿದವರು ಊಟ ಮಾಡುತ್ತಾರೆ, ಆಟೋ ಹತ್ತುತ್ತಾರೆ, ಬೆಳಿಗ್ಗೆ ಮೈಸೂರು ಪಾಕ್ ಕಟ್ಟಿಸಿಕೊಳ್ಳುತ್ತಾರೆ. ಮಧ್ಯಾಹ್ನ ಮುಚ್ಚಿದ ರಂಗನಾಥನ ಬಾಗಿಲು ಸಂಜೆ ಮತ್ತೆ ತೆರೆಯುತ್ತೆ. ಆ ಹೊತ್ತಿಗೆ ಕೋಟೆಯ ಹೊರಗೆ ಬಸ್ ನಿಲ್ಲಿಸಿ, ಬೀದಿ ದೀಪವಿರುವ ಒಂದು ಕಾಲುದಾರಿಯಲ್ಲಿ ಜನರನ್ನು ನಡೆಸಿದರೆ, ದಾರಿಯುದ್ದಕ್ಕೂ ಅಂಗಡಿಗೆ ವ್ಯಾಪಾರ. ಪ್ರತಿ ಗೇಟಿಗೂ ಬಸ್ ಹೋಗುವ ತನಕ ಜನ ಇಳಿದು ಹತ್ತುತ್ತಾರೆ, ಅಷ್ಟೇ.

ಆ ದಾರಿಯಲ್ಲಿ ಶೌಚಾಲಯ ಬೇಕೇ ಬೇಕು. ಇಲ್ಲಿ ಹಳೇ ತಪ್ಪು ಮಾಡಬೇಡಿ. ಸ್ವದೇಶ ದರ್ಶನದಂಥ ಕೇಂದ್ರ ಯೋಜನೆ ಕಟ್ಟಲು ದುಡ್ಡು ಕೊಡುತ್ತೆ, ನಡೆಸುವ ಹೊಣೆ ರಾಜ್ಯದ್ದು. ನೀರಿನ ಬಿಲ್ಲು, ಗುಂಡಿ ಖಾಲಿ ಮಾಡಿಸುವ ಖರ್ಚು, ಎರಡು ಪಾಳಿ ಸಿಬ್ಬಂದಿಯ ಸಂಬಳ ಬಜೆಟ್ಟಿನ ಯಾವ ತಲೆಬರಹದಲ್ಲಿ ಬರುತ್ತೆ ಅಂತ ಅಂದಾಜುಪಟ್ಟಿಯಲ್ಲೇ ಬರೆಸಿ. ಬರೆಸದಿದ್ದರೆ ಉದ್ಘಾಟನೆಯ ರಿಬ್ಬನ್ ಬಾಡುವ ಮೊದಲೇ ಬಾಗಿಲಿಗೆ ಬೀಗ ಬೀಳುತ್ತೆ, ಬೀಗದ ಕೈ ಯಾರ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿರಲ್ಲ.