ಎಸ್‌ಒಪಿಯಲ್ಲಿ ಅಜ್ಜಿಯ ಕಣ್ಣಿನ ಪೊರೆ ಬೇಡ ಕಣ್ರೀ

ನವೆಂಬರ್ ಬಂತು ಅಂದ್ರೆ ನನ್ನ ವಾಟ್ಸಾಪ್‌ಗೆ ಪಿಡಿಎಫ್‌ಗಳು ಬರೋಕೆ ಶುರು. "ಮೇಡಂ, ಒಂದ್ಸಲ ನನ್ನ ಎಸ್‌ಒಪಿ ನೋಡ್ತೀರಾ, ಡೆಡ್‌ಲೈನ್ ಡಿಸೆಂಬರ್ ಒಂದಕ್ಕೆ." ಎಸ್‌ಒಪಿ ಅಂದ್ರೆ ಸ್ಟೇಟ್‌ಮೆಂಟ್ ಆಫ್ ಪರ್ಪಸ್, ಇದನ್ನೇ ಯಾಕೆ ಓದ್ಬೇಕು ಅಂತ ಅರ್ಜಿ ಜೊತೆ ಬರೆದು ಕೊಡೋದು. ನಾನು ಬಿ.ಆಪ್ಟಮ್ (ಆಪ್ಟೊಮೆಟ್ರಿ, ಅಂದ್ರೆ ಕಣ್ಣು ಪರೀಕ್ಷೆ ಮಾಡೋ ಡಿಗ್ರಿ) ಮುಗಿಸಿ ಮೂರು ವರ್ಷ ಕ್ಲಿನಿಕ್‌ನಲ್ಲಿ ಕನ್ನಡಕದ ನಂಬರ್ ನೋಡ್ಕೊಂಡಿದ್ದು ಆಮೇಲೆ ಅಮೆರಿಕಕ್ಕೆ ಹೋಗಿ ವಿಷನ್ ಸೈನ್ಸ್‌ನಲ್ಲಿ, ಅಂದ್ರೆ ನೋಟ ಹೇಗೆ ಕೆಲಸ ಮಾಡುತ್ತೆ ಅನ್ನೋದರಲ್ಲಿ, ಪಿಎಚ್‌ಡಿ ಮಾಡ್ದೋಳು, ಹಾಗಾಗಿ ಯಾರೋ ಯಾರಿಗೋ ನಂಬರ್ ಕೊಟ್ಟು ಈ ಕೆಲಸ ನನ್ನ ಪಾಲಿಗೆ ಬಿದ್ದಿದೆ. ಬೇಜಾರೇನಿಲ್ಲ. ಆದ್ರೆ ಅರ್ಧಕ್ಕರ್ಧ ಎಸ್‌ಒಪಿಗಳು ಅಜ್ಜಿಯ ಪೊರೆ ಆಪರೇಶನ್‌ನಿಂದಲೇ ಶುರುವಾಗುತ್ತೆ. ಅಜ್ಜಿಗೆ ಕಣ್ಣು ಕಾಣ್ತಿರ್ಲಿಲ್ಲ, ಪಟ್ಟಿ ಬಿಚ್ಚಿದಾಗ ಮೊಮ್ಮಗಳ ಮುಖ ಕಾಣ್ತು, ಅವತ್ತೇ ನಿರ್ಧಾರ ಮಾಡ್ಬಿಟ್ಟೆ. ಓದೋಕೆ ಚೆನ್ನಾಗಿರುತ್ತೆ, ಆದ್ರೆ ಆ ಕಥೆ ಕೇಳಿದ್ರೆ ನೀವು ಕಣ್ಣಿನ ಡಾಕ್ಟರ್ ಆಗ್ಬೇಕಿತ್ತು, ವಿಷನ್ ಸೈನ್ಸ್ ಪಿಎಚ್‌ಡಿಗೆ ಯಾಕ್ ಬಂದ್ರಿ ಅಂತ ಕಮಿಟಿಯವರು ಕೇಳೋದು ಸಹಜ ಅಲ್ವಾ.

ಮೊದಲು ಒಂದು ಗೊಂದಲ ಬಿಡಿಸ್ಕೊಳ್ಳಿ. ಅಮೆರಿಕದಲ್ಲಿ ಓಡಿ (ಡಾಕ್ಟರ್ ಆಫ್ ಆಪ್ಟೊಮೆಟ್ರಿ) ಅನ್ನೋದು ನಾಲ್ಕು ವರ್ಷದ ಕ್ಲಿನಿಕಲ್ ಡಿಗ್ರಿ, ಫೀಸ್ ಕೈಯಿಂದ ಕಟ್ಬೇಕು, ಮುಗಿಸಿ ಲೈಸೆನ್ಸ್ ತಗೊಂಡು ಪೇಷೆಂಟ್ ನೋಡ್ಬಹುದು. ಪಿಎಚ್‌ಡಿ ರಿಸರ್ಚ್ ಡಿಗ್ರಿ, ಒಳ್ಳೆ ಪ್ರೋಗ್ರಾಮ್‌ಗಳಲ್ಲಿ ಸಾಮಾನ್ಯವಾಗಿ ಟ್ಯೂಷನ್ ಫೀಸ್ ಮನ್ನಾ ಮಾಡಿ ತಿಂಗಳಿಗೆ ಸ್ಟೈಪೆಂಡ್ ಕೊಡ್ತಾರೆ, ಆದ್ರೆ ಅದರಿಂದ ಅಲ್ಲಿ ಪ್ರಾಕ್ಟೀಸ್ ಮಾಡೋಕೆ ಲೈಸೆನ್ಸ್ ಸಿಗಲ್ಲ. ಎರಡೂ ಒಂದೇ ಬಿಲ್ಡಿಂಗ್‌ನಲ್ಲಿ ನಡೆಯುತ್ತೆ ಅನ್ನೋದೇ ಗೊಂದಲಕ್ಕೆ ಕಾರಣ. ಇನ್ನೊಂದು, ಇದಕ್ಕೆ ಆಪ್ಟೊಮೆಟ್ರಿನೇ ಓದಿರ್ಬೇಕು ಅಂತಿಲ್ಲ, ಫಿಸಿಕ್ಸ್, ಸೈಕಾಲಜಿ, ಕಂಪ್ಯೂಟರ್ ಸೈನ್ಸ್ ಮಾಡಿದೋರೂ ಬರ್ತಾರೆ, ಅವರಿಗೆ ಕೋಡಿಂಗ್ ಬರುತ್ತೆ, ನಮಗೆ ಕಣ್ಣು ಗೊತ್ತಿರುತ್ತೆ.

ಅಸಲಿ ವಿಷಯಕ್ಕೆ ಬರ್ತೀನಿ. ಹಾಸನದ ಕಡೆಯ ಒಬ್ಬ ಹುಡುಗಿ ಎಸ್‌ಒಪಿ ಕಳಿಸಿದ್ಲು. ಎರಡನೇ ಪ್ಯಾರಾ ಹೀಗಿತ್ತು: ನನಗೆ ಆಂಬ್ಲಿಯೋಪಿಯಾ (ಕನ್ನಡಕ ಹಾಕಿದ್ರೂ ಒಂದು ಕಣ್ಣಿನ ನೋಟ ಮಂದವಾಗೇ ಇರೋದು) ಬಗ್ಗೆ ಅಪಾರ ಆಸಕ್ತಿ ಇದೆ, ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಸಂಶೋಧನೆ ಮಾಡಿ ಸಮಾಜಕ್ಕೆ ಕೊಡುಗೆ ನೀಡುವ ಹಂಬಲವಿದೆ. ಇಂಗ್ಲಿಷ್ ಚೊಕ್ಕವಾಗಿತ್ತು, ತಪ್ಪು ಹುಡುಕೋ ಹಾಗಿರ್ಲಿಲ್ಲ, ಆದ್ರೆ ಒಳಗೆ ಏನೂ ಇರ್ಲಿಲ್ಲ. ಫೋನ್ ಮಾಡ್ದೆ. "ಇದೆಲ್ಲ ಬಿಡಮ್ಮ, ಕ್ಲಿನಿಕ್‌ನಲ್ಲಿ ನಿನ್ ತಲೆ ಕೆಡಿಸಿದ್ದು ಏನಾದ್ರೂ ಇದ್ಯಾ?" ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ಲು, ಆಮೇಲೆ ಹೇಳಿದ್ಲು. ಏಳು ವರ್ಷದ ಹುಡುಗ, ಮೆಳ್ಳೆಗಣ್ಣು, ಎಡಗಣ್ಣು ಮಂದ. ಕನ್ನಡ ಚಾರ್ಟ್‌ನಲ್ಲಿ ದಪ್ಪ ಅಕ್ಷರದ 6/24 ಸಾಲಿಗೇ ನಿಂತ್ಬಿಡ್ತಿದ್ದ. ಇವಳು ಸುಮ್ನೆ ಅಕ್ಕಪಕ್ಕದ ಅಕ್ಷರಗಳನ್ನ ಕೈಯಲ್ಲಿ ಮುಚ್ಚಿ ಒಂದೊಂದೇ ತೋರಿಸಿದ್ರೆ ಅದರರ್ಧ ಸೈಜಿನ 6/12 ಸಾಲಿನವರೆಗೂ ಪಟಪಟ ಅಂತ ಓದ್ದ. ಕೈ ತೆಗೆದ್ರೆ ಮತ್ತೆ ಅದೇ ಗೋಳು. ಸೀನಿಯರ್ ಬಂದು "ಕೈ ಅಡ್ಡ ಇಡ್ಬೇಡ, ಸಾಲು ಪೂರ್ತಿ ಓದ್ಸು" ಅಂತ ಬೈದ್ರಂತೆ. "ಅದೇ ಅಕ್ಷರ, ಅದೇ ಸೈಜು ಮೇಡಂ, ಪಕ್ಕದಲ್ಲಿ ಇನ್ನೊಂದು ಬಂದ ತಕ್ಷಣ ಯಾಕೆ ಕಾಣಲ್ಲ?" ಅಂದ್ಲು.

ಅಯ್ಯೋ ಪುಣ್ಯಾತ್ಗಿತ್ತಿ, ಇದನ್ನ ಬಿಟ್ಟು ಹಂಬಲ ಅಂತ ಬರೆದಿದ್ಯಲ್ಲ ಅಂದೆ.

ಇದಕ್ಕೆ ಕ್ರೌಡಿಂಗ್ ಅಂತಾರೆ. ನಮ್ಮೆಲ್ಲರಿಗೂ ಇದೆ, ಆದ್ರೆ ನೋಟದ ಅಂಚಿನಲ್ಲಿ. 1970ರಲ್ಲಿ ಬೌಮಾ ಅನ್ನೋ ವಿಜ್ಞಾನಿ ತೋರಿಸಿದ್ದು ಹೀಗೆ: ಅಕ್ಷರ ನೋಟದ ನಡುವಿನಿಂದ ಎಷ್ಟು ದೂರ ಇದ್ಯೋ, ಸುಮಾರು ಅದರ ಅರ್ಧದಷ್ಟು ಜಾಗ ಅದರ ಸುತ್ತ ಖಾಲಿ ಇರ್ಬೇಕು, ಇಲ್ಲಾಂದ್ರೆ ಪಕ್ಕದವು ಬಂದು ಕಲಸಿಬಿಡುತ್ತೆ. ಮೆಳ್ಳೆಗಣ್ಣಿನಿಂದ ಬಂದ ಆಂಬ್ಲಿಯೋಪಿಯಾದಲ್ಲಿ ಈ ತೊಂದರೆ ನೋಟದ ನಡುವಿಗೇ ಬಂದು ಕೂತಿರುತ್ತೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ಯೂನಿವರ್ಸಿಟಿಯ ಡೆನಿಸ್ ಲೆವಿ ಇದರ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ಇಷ್ಟು ನಾನು ಹೇಳ್ದೆ, ಪೇಪರ್‌ಗಳನ್ನ ಅವಳೇ ಹುಡುಕಿ ಓದಿ ಹತ್ತು ದಿನ ಬಿಟ್ಟು ಮತ್ತೆ ಫೋನ್ ಮಾಡಿದ್ಲು. "ಮೇಡಂ, ಇಂಗ್ಲಿಷ್ ಅಕ್ಷರ ಪಕ್ಕಪಕ್ಕ ಇರುತ್ತೆ, ನಮ್ಮ ಒತ್ತಕ್ಷರ ಕೆಳಗೇ ಅಂಟ್ಕೊಂಡಿರುತ್ತಲ್ಲ. ರಾಷ್ಟ್ರ ಅಂತ ಬರೆದ್ರೆ ಷ ಬುಡದಲ್ಲೇ ಟ ಒತ್ತು, ರ ಒತ್ತು ಎರಡೂ. ಅಲ್ಲಿ ಗ್ಯಾಪ್ ಕೊಡೋಕೇ ಆಗಲ್ಲ. ಆ ಹುಡುಗ ಕನ್ನಡ ಪುಸ್ತಕ ಹೇಗೆ ಓದ್ತಾನೆ?" ನೋಡಿ, ಪಿಎಚ್‌ಡಿ ಇಲ್ಲಿಂದ ಶುರುವಾಗುತ್ತೆ. ಇದನ್ನೇ ಹದಿನೈದು ಸಾಲಲ್ಲಿ ಬರೆದ್ಲು: ಏನು ನೋಡಿದೆ, ಯಾರು ಏನು ಮಾಡಿದ್ದಾರೆ, ಏನು ಉಳಿದಿದೆ, ನಾನಾದ್ರೆ ಹೇಗೆ ಅಳೀತೀನಿ. ಅಜ್ಜಿ ಪ್ಯಾರಾ ಪೂರ್ತಿ ಹೋಯ್ತು.

ಹೇಗೆ ಅಳೀತೀನಿ ಅನ್ನೋ ಕಡೆ ನಮ್ಮ ಕ್ಲಿನಿಕ್‌ನೋರು ಎಡವ್ತಾರೆ. ನಮಗೆ ಸ್ಯಾಂಪಲ್ ಸೈಜ್ ಇನ್ನೂರು ಇಲ್ಲಾಂದ್ರೆ ಅದು ಸ್ಟಡಿನೇ ಅಲ್ಲ. ಆದ್ರೆ ಸೈಕೋಫಿಸಿಕ್ಸ್‌ನಲ್ಲಿ (ಕಣ್ಣಿಗೆ ಏನು ತೋರಿಸಿದ್ರೆ ಏನು ಕಾಣುತ್ತೆ ಅಂತ ಅಳೆಯೋ ವಿದ್ಯೆ) ಒಬ್ಬೊಬ್ಬರನ್ನೇ ಕೂರಿಸ್ಕೊಂಡು ಸಾವಿರಾರು ಸಲ ತೋರಿಸಿ ಕೇಳ್ತಾರೆ, ಜನ ನಾಲ್ಕೈದೇ ಇರ್ತಾರೆ, ಎಷ್ಟೋ ಸಲ ಅವರಲ್ಲಿ ಒಂದಿಬ್ರು ಪೇಪರ್ ಬರೆದೋರೇ! 2025ರಲ್ಲಿ ಬರ್ಕ್ಲಿಯವರು ಲೇಸರ್‌ನಿಂದ ರೆಟಿನಾದ (ಕಣ್ಣಿನ ಹಿಂಪರದೆ) ಒಂದೇ ಜಾತಿಯ ಕೋನ್‌ಗಳನ್ನ, ಅಂದ್ರೆ ಬಣ್ಣ ಗುರುತಿಸೋ ಕೋಶಗಳನ್ನ, ಮುಟ್ಟಿ ಯಾರೂ ನೋಡಿರದ ಬಣ್ಣ ತೋರಿಸಿ ಅದಕ್ಕೆ ಓಲೋ ಅಂತ ಹೆಸರಿಟ್ಟರಲ್ಲ, ಅದನ್ನ ನೋಡಿದೋರು ಐದೇ ಜನ. ಅಪ್ಲೈ ಮಾಡೋ ಮುಂಚೆ ಮ್ಯಾಟ್‌ಲ್ಯಾಬೋ ಪೈಥಾನೋ ಒಂದು ಸ್ವಲ್ಪ ಕಲಿತು, ಒಂದು ಸಣ್ಣ ಎಕ್ಸ್‌ಪೆರಿಮೆಂಟ್ ತಂಗಿ ಮೇಲಾದ್ರೂ ಮಾಡಿ ನೋಡಿ, ಎಸ್‌ಒಪಿಯ ಭಾಷೆನೇ ಬದಲಾಗುತ್ತೆ.

ಲ್ಯಾಬ್ ಆರಿಸೋವಾಗ ಯೂನಿವರ್ಸಿಟಿ ರ್‍ಯಾಂಕ್ ನೋಡ್ಬೇಡಿ, ನಿಮ್ಮ ಪ್ರಶ್ನೆ ಯಾರ ಮನೇಲಿದೆ ನೋಡಿ. ಮಯೋಪಿಯಾ (ದೂರದ್ದು ಮಸುಕಾಗೋ ಮೈನಸ್ ನಂಬರ್) ಹೇಗೆ ಬೆಳೆಯುತ್ತೆ ಅನ್ನೋದಾದ್ರೆ ಹ್ಯೂಸ್ಟನ್‌ನಲ್ಲಿ ಅರ್ಲ್ ಸ್ಮಿತ್ ಕೋತಿಮರಿಗಳ ಮೇಲೆ ಮಾಡಿದ ಕೆಲಸ ಓದಿ, ರೆಟಿನಾ ಫೋಟೋ ತೆಗಿಯೋದಾದ್ರೆ ಬರ್ಕ್ಲಿಯಲ್ಲಿ ಆಸ್ಟಿನ್ ರೂರ್ಡಾ ಮಾಡಿದ ಅಡಾಪ್ಟಿವ್ ಆಪ್ಟಿಕ್ಸ್ (ಕಣ್ಣಿನ ಮಸುಕನ್ನ ಸರಿಪಡಿಸಿ ಒಂದೊಂದೇ ಕೋಶ ಕಾಣೋ ಹಾಗೆ ಮಾಡೋ ತಂತ್ರ) ಕೆಲಸ. ಆದ್ರೆ ದೊಡ್ಡ ಹೆಸರು ಇದ್ದ ಮಾತ್ರಕ್ಕೆ ಈ ವರ್ಷ ಸ್ಟೂಡೆಂಟ್ ತಗೋತಾರೆ ಅಂತಲ್ಲ, ಎಷ್ಟೋ ಜನ ರಿಟೈರ್ ಆಗೋ ಹೊತ್ತಿನಲ್ಲಿರ್ತಾರೆ. ಸೆಪ್ಟೆಂಬರ್‌ನಲ್ಲೇ ಒಂದು ಮೇಲ್ ಹಾಕಿ ಕೇಳಿ. ರೆಸ್ಪೆಕ್ಟೆಡ್ ಸರ್ ಅಂತ ಶುರು ಮಾಡಿ ಮೂರು ಪುಟ ಬೇಡ, ಆರು ಸಾಲು ಸಾಕು. ಅವರ ಒಂದು ಪೇಪರ್ ಓದಿ ನಿಮಗೆ ಬಂದ ಒಂದು ಅನುಮಾನ, ನಿಮ್ಮ ಹಿನ್ನೆಲೆ ಎರಡು ಸಾಲು, ಮುಂದಿನ ವರ್ಷ ತಗೋತೀರಾ ಅಂತ ಒಂದು ಪ್ರಶ್ನೆ. ಉತ್ತರ ಬರ್ಲಿಲ್ಲ ಅಂದ್ರೆ ಎರಡು ವಾರ ಬಿಟ್ಟು ಇನ್ನೊಂದ್ಸಲ, ಅಷ್ಟೇ.

ದುಡ್ಡಿನ ಒಂದು ಸೂಕ್ಷ್ಮ ಇಲ್ಲಿ ಯಾರೂ ಹೇಳಲ್ಲ. ಡಿಪಾರ್ಟ್‌ಮೆಂಟ್‌ಗಳಿಗೆ ಎನ್‌ಐಎಚ್ (ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ) ಕೊಡೋ ಟಿ32 ಅನ್ನೋ ಟ್ರೈನಿಂಗ್ ಗ್ರಾಂಟ್ ಇರುತ್ತೆ, ಅದು ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರೋರಿಗೆ ಮಾತ್ರ. ನಮ್ಮ ಸಂಬಳ ಪ್ರೊಫೆಸರ್ ಗ್ರಾಂಟಿಂದಲೋ, ಟೀಚಿಂಗ್ ಅಸಿಸ್ಟೆಂಟ್ ಕೆಲಸದಿಂದಲೋ, ಯೂನಿವರ್ಸಿಟಿ ಫೆಲೋಶಿಪ್‌ನಿಂದಲೋ ಬರ್ಬೇಕು. ಹಾಗಾಗಿ ರಿಜೆಕ್ಟ್ ಆದ್ರೆ ನೀವು ದಡ್ಡರು ಅಂತ ಅರ್ಥ ಅಲ್ಲ, ಆ ಲ್ಯಾಬ್‌ನ ಗ್ರಾಂಟ್ ಆ ವರ್ಷ ಮುಗಿದಿರ್ಬಹುದು.

ರೆಕಮಂಡೇಶನ್ ಲೆಟರ್ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೀನಿ. ಮೊದಲ ಸಲ ಅಪ್ಲೈ ಮಾಡಿದಾಗ ಒಬ್ಬ ದೊಡ್ಡ ಸರ್ "ನೀನೇ ಬರ್ಕೊಂಡ್ ಬಾರಮ್ಮ, ಸೈನ್ ಹಾಕ್ತೀನಿ" ಅಂದ್ರು, ನಾನು ಖುಷಿಯಾಗಿ ಪಂಕ್ಚುವಲ್, ಒಬೀಡಿಯೆಂಟ್, ಹಾರ್ಡ್‌ವರ್ಕಿಂಗ್ ಅಂತೆಲ್ಲ ತುಂಬಿಸ್ದೆ. ಆ ವರ್ಷ ಎಲ್ಲೂ ಆಗ್ಲಿಲ್ಲ. ಕಾರಣ ಅದೊಂದೇ ಅಂತ ಹೇಳಲ್ಲ, ಆದ್ರೆ ಈಗ ಆ ಥರದ ಲೆಟರ್ ಓದಿದಾಗ ನಂಗೇ ನಾಚಿಕೆ ಆಗುತ್ತೆ. ಹೆಚ್‌ಒಡಿಗಿಂತ ನಿಮ್ಮ ಜೊತೆ ಡೇಟಾ ನೋಡಿದ ಜೂನಿಯರ್ ಫ್ಯಾಕಲ್ಟಿ ವಾಸಿ, "ಈ ಹುಡುಗಿ ನಂಬರ್ ಸರಿ ಬರ್ಲಿಲ್ಲ ಅಂತ ಮೂರು ಸಲ ಮತ್ತೆ ಅಳೆದ್ಲು" ಅನ್ನೋ ಒಂದು ಸಾಲು ಹತ್ತು ವಿಶೇಷಣಕ್ಕೆ ಸಮ.

ಉಳಿದಿದ್ದು ಗುಮಾಸ್ತೆ ಕೆಲಸ. ಜಿಆರ್‌ಇ ಪ್ರವೇಶ ಪರೀಕ್ಷೆನ ಎಷ್ಟೋ ಕಡೆ ಕೈಬಿಟ್ಟಿದ್ದಾರೆ, ಬರೆಯೋ ಮುಂಚೆ ನೋಡ್ಕೊಳ್ಳಿ. ಪರ್ಸೆಂಟೇಜನ್ನ ನೀವೇ ಜಿಪಿಎ ಮಾಡೋಕೆ ಹೋಗ್ಬೇಡಿ. ಕ್ಯಾಲಿಫೋರ್ನಿಯಾ ಟೈಮ್ ಡಿಸೆಂಬರ್‌ನಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಅದನ್ನ ನಂಬ್ಕೊಂಡು ಕೊನೆ ಗಂಟೆವರೆಗೂ ಕೂರ್ಬೇಡಿ, ಕರೆಂಟ್ ಹೋಗುತ್ತೆ. ಇಂಟರ್‌ವ್ಯೂ ಸಾಮಾನ್ಯವಾಗಿ ಜನವರಿ ಫೆಬ್ರವರಿಯಲ್ಲಿ. ಫಂಡಿಂಗ್ ಜೊತೆ ಆಫರ್ ಬಂದ್ರೆ ಹೆಚ್ಚಿನ ಯೂನಿವರ್ಸಿಟಿಗಳಲ್ಲಿ ಏಪ್ರಿಲ್ 15ರವರೆಗೂ ಯೋಚ್ನೆ ಮಾಡೋಕೆ ಟೈಮ್ ಇರುತ್ತೆ, ಯಾರಾದ್ರೂ ನಾಳೆನೇ ಹೇಳು ಅಂತ ಒತ್ತಾಯ ಮಾಡಿದ್ರೆ ಗಾಬರಿ ಬೀಳ್ಬೇಡಿ.

ಹಾಸನದ ಹುಡುಗಿಗೆ ರಾತ್ರಿ ಹನ್ನೊಂದೂವರೆಗೆ ಝೂಮ್ ಇಂಟರ್‌ವ್ಯೂ ಇತ್ತು. ಪ್ರೊಫೆಸರ್ ಆ ಅಕ್ಷರ ತೋರಿಸು ಅಂದ್ರಂತೆ, ಇವಳು ನೋಟ್‌ಬುಕ್‌ನಲ್ಲಿ ರಾಷ್ಟ್ರ ಅಂತ ದಪ್ಪಗೆ ಬರೆದು ಕ್ಯಾಮರಾಗೆ ಹಿಡಿದ್ಲು, ಇಪ್ಪತ್ತು ನಿಮಿಷದ ಇಂಟರ್‌ವ್ಯೂನಲ್ಲಿ ಹದಿನೈದು ನಿಮಿಷ ಅದೇ ಆಯ್ತು. ಆ ಲ್ಯಾಬಲ್ಲಿ ಆ ವರ್ಷ ದುಡ್ಡಿರ್ಲಿಲ್ಲ, ಇನ್ನೊಂದು ಕಡೆಯಿಂದ ಆಫರ್ ಬಂತು. ಈಗ ಎರಡನೇ ವರ್ಷ. ಮೊನ್ನೆ ಮೆಸೇಜ್ ಹಾಕಿದ್ಲು: "ಮೇಡಂ, ಇಲ್ಲಿ ಕನ್ನಡ ಸರಾಗವಾಗಿ ಓದೋ ಐದು ಜನ ಬೇಕು, ದಿನಕ್ಕೆ ಒಂದು ಗಂಟೆ ಕತ್ತಲೆ ರೂಮಲ್ಲಿ ಕೂರ್ಬೇಕು. ಯುಗಾದಿಗೆ ಕನ್ನಡ ಕೂಟದಲ್ಲಿ ಊಟ ಇದೆ, ಅಲ್ಲೇ ಹೋಗಿ ಹಿಡಿಲಾ?"