ಬೀಳುವ ಜಿಗ್‌ಗೆ ಮೀನು ಬಾಯಿ ಹಾಕುವುದೇಕೆ?

ಕೆರೆ ಏರಿಯ ಮೇಲೆ ಗಾಳ ಹಿಡಿದು ಕೂತವರ ಬಾಯಲ್ಲಿ ಎರಡು ಮಾತು ತಪ್ಪದೆ ಬರುತ್ತವೆ: ಮಾತಾಡಬೇಡ, ಮೀನು ಓಡುತ್ತೆ, ಎರೆಗೆ ಉಗುಳಿ ಹಾಕು, ಬೇಗ ಕಚ್ಚುತ್ತೆ. ಎರಡೂ ನಿಜವಲ್ಲ. ಗಾಳಿಯಲ್ಲಿ ಹೊರಟ ಸದ್ದು ನೀರಿನ ಮೇಲ್ಮೈಗೆ ಬಡಿದಾಗ ಅದರ ಶಕ್ತಿಯಲ್ಲಿ ಸಾವಿರಕ್ಕೆ ಸುಮಾರು ಒಂದು ಪಾಲು ಒಳಗಿಳಿಯುತ್ತದೆ, ಉಳಿದದ್ದು ವಾಪಸ್. ಆದ್ದರಿಂದ ಧಾರಾಳವಾಗಿ ಮಾತಾಡಿ. ಏರಿಯ ಕಲ್ಲಿನ ಮೇಲೆ ಧಪಧಪ ಹೆಜ್ಜೆ ಮಾತ್ರ ಹಾಕಬೇಡಿ. ಆ ನಡುಕ ನೆಲದಿಂದ ನೇರ ನೀರಿಗೆ ಹೋಗುತ್ತದೆ. ನೀರಿನ ಅಲುಗಾಟ ಓದಲೆಂದೇ ಮೀನಿಗೆ ಮೈಯುದ್ದಕ್ಕೂ ಒಂದು ಅಂಗವಿದೆ. ಜಿಗ್ ಎಂಬ ಗಾಳದ ಗುಟ್ಟು ಅಲ್ಲಿದೆ.

ಜಿಗ್ ಅಂದರೆ ಕೊಕ್ಕೆಯ ಕುತ್ತಿಗೆಗೇ ಎರಕ ಹೊಯ್ದ ಸೀಸದ ತಲೆ, ಅದರ ಕೆಳಗೆ ಸಿಲಿಕೋನ್ ಎಳೆಗಳ ಲಂಗ, ಕೊಕ್ಕೆಯ ತುದಿಗೆ ಅಡ್ಡವಾಗಿ ಜೊಂಡು ಸಿಕ್ಕದಂತೆ ತಡೆಯುವ ಬಿರುಗೂದಲು. ಹಿಂದೆ ಏಡಿಯಂಥ ಮೆತ್ತನೆ ಪ್ಲಾಸ್ಟಿಕ್ ಬಾಲ. ಉತ್ತರ ಅಮೆರಿಕದ ಲಾರ್ಜ್‌ಮೌತ್ ಬಾಸ್ ಮೀನಿಗಾಗಿ ಪಳಗಿದ ಸಲಕರಣೆ ಇದು. ಆ ಮೀನು ನಮ್ಮ ಸೂಳೆಕೆರೆಯದಲ್ಲ. ಆದರೆ ಜೊಂಡಿನ ನೆರಳಲ್ಲಿ ಹೊಂಚು ಹಾಕಿ ಒಂದೇ ಏಟಿಗೆ ನುಂಗುವ ಅದೇ ಗುಣ ನಮ್ಮ ಕೊರವ ಮೀನಿಗೂ ಇದೆ. ವಾಣಿ ವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ದಶಕಗಟ್ಟಲೆ ಒಣಗಿದ್ದ ಅಂಚಿನಲ್ಲಿ ಬೆಳೆದಿದ್ದ ಗಿಡಗಂಟಿ ಆಗ ಮುಳುಗಿತು. ಹೊಂಚು ಹಾಕುವ ಮೀನಿಗೆ ಅಂಥ ಜಾಗ ಅರಮನೆ.

ಮೀನಿನ ಪಕ್ಕೆಯ ಮೇಲೆ ಕಿವಿರಿನಿಂದ ಬಾಲದವರೆಗೆ ಸೂಜಿಯಿಂದ ಚುಚ್ಚಿದಂತೆ ಚುಕ್ಕೆಗಳ ಗೆರೆ ಕಾಣುತ್ತದೆ. ಪಾರ್ಶ್ವರೇಖೆ ಅದು. ಲೋಳೆ ಸುರಿಸುವ ಕೊಳವೆ ಎಂದು ಬಹುಕಾಲ ನಂಬಿದ್ದರು. ಸಂವೇದನೆಯ ಅಂಗವೆಂದು 1850ರಲ್ಲಿ ತೋರಿಸಿದವನು ಜರ್ಮನಿಯ ಫ್ರಾಂಜ್ ಲೈಡಿಗ್. ಮುಂದೆ ಡಚ್ ವಿಜ್ಞಾನಿ ಸ್ವೆನ್ ಡೈಕ್‌ಗ್ರಾಫ್ ಇದನ್ನು ದೂರದಿಂದಲೇ ಮುಟ್ಟಿ ನೋಡುವ ಶಕ್ತಿ ಎಂದು ವಿವರಿಸಿದ. ಹಿರಿಯೂರಿನ ಹೈವೇ ಪಕ್ಕ ಕಣ್ಣು ಮುಚ್ಚಿ ನಿಲ್ಲಿ: ಲಾರಿ ಹಾದರೆ ಅಂಗಿ ಪಟಪಟ ಅನ್ನುತ್ತದೆ, ಬೈಕ್ ಹಾದರೆ ಬರೀ ತೋಳಿಗೆ ಗಾಳಿ ಸೋಕುತ್ತದೆ. ನೋಡದೆಯೇ ಯಾವುದು, ಎತ್ತ ಹೋಯಿತು ಎಂದು ಗೊತ್ತಾಗುತ್ತದೆ. ಇನ್ನೂ ಹತ್ತಿರದಿಂದ ನೋಡುವುದಾದರೆ ಗಾಳಿಗೆ ಒರಗುವ ಮೆಕ್ಕೆಜೋಳದ ಹೊಲ ನೆನೆಯಿರಿ. ಆ ಚುಕ್ಕೆಗಳೊಳಗೆ ಲೋಳೆಸರದ ತಿರುಳಿನಂಥ ಪುಟ್ಟ ಗೋಪುರವಿದೆ, ಅದರ ಬುಡದಲ್ಲಿ ಸೂಕ್ಷ್ಮ ರೋಮಗಳ ಕೋಶಗಳು. ನೀರು ಸರಿದರೆ ಗೋಪುರ ವಾಲುತ್ತದೆ, ರೋಮ ಬಾಗುತ್ತದೆ, ನರ ಮಿಡಿಯುತ್ತದೆ. ಅರ್ಧ ಕೋಶಗಳು ತಲೆಯ ಕಡೆಯ ಬಾಗಿಗೆ, ಅರ್ಧ ಬಾಲದ ಕಡೆಯ ಬಾಗಿಗೆ ಮಿಡಿಯುವುದರಿಂದ ನೀರು ಯಾವ ದಿಕ್ಕಿಗೆ ಸರಿಯಿತು ಎಂಬುದೂ ತಿಳಿಯುತ್ತದೆ. ನಮ್ಮ ಒಳಗಿವಿಯಲ್ಲಿರುವುದೂ ಇದೇ ಜಾತಿಯ ಕೋಶ! ಈ ಸ್ಪರ್ಶದ ವ್ಯಾಪ್ತಿ ಮೀನಿನ ಒಂದೆರಡು ಮೈಯುದ್ದದಷ್ಟೇ. ಹಾಗಾಗಿ ಜಿಗ್ ಜೊಂಡಿನ ಬುಡಕ್ಕೇ ಬೀಳಬೇಕು, ಎರಡು ಮಾರು ಆಚೆ ಬಿದ್ದರೆ ವ್ಯರ್ಥ.

ಬೀಳುವಾಗ ಸೀಸದ ತಲೆ ನೀರನ್ನು ಪಕ್ಕಕ್ಕೆ ತಳ್ಳುತ್ತದೆ, ಲಂಗದ ಎಳೆಗಳು ಕೊಡೆಯಂತೆ ಅರಳಿ ಮಿಡುಕುತ್ತವೆ. ತಳಕ್ಕೆ ಓಡಿಹೋಗುವ ಏಡಿಯೂ ನೀರನ್ನು ಹೀಗೆಯೇ ಕಲಕುತ್ತದೆ. ಆದ್ದರಿಂದ ಇಳಿಯುವ ವೇಗವೇ ಮುಖ್ಯ. ಆಕಾರವೂ ಗಾತ್ರವೂ ಒಂದೇ ಇದ್ದರೆ ವೇಗ ಎರಡು ಪಟ್ಟಾಗಲು ತೂಕ ನಾಲ್ಕು ಪಟ್ಟಾಗಬೇಕು. 7 ಗ್ರಾಂನಿಂದ 14 ಗ್ರಾಂಗೆ ಹೋದರೆ ಹೆಚ್ಚುವುದು ಸುಮಾರು 1.4 ಪಟ್ಟು. ನಿಧಾನ ಬೇಕೆಂದರೆ ತೂಕ ಬದಲಿಸುವ ಮೊದಲು ದಪ್ಪ ಬಾಲ ಸಿಕ್ಕಿಸಿ ನೋಡಿ. ಬಣ್ಣದ ಚಿಂತೆ ಅಷ್ಟು ಬೇಡ: ಬಾಸ್ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆ.

10 ಗ್ರಾಂ ಜಿಗ್‌ನಿಂದ ಶುರು ಮಾಡಿ. ಎಸೆದ ಮೇಲೆ ದಾರವನ್ನು ಪೂರ್ತಿ ಸಡಿಲ ಬಿಡಬೇಡಿ, ಪೂರ್ತಿ ಬಿಗಿಯೂ ಬೇಡ. ಬಿಗಿದರೆ ಜಿಗ್ ಉಯ್ಯಾಲೆಯಂತೆ ನಿಮ್ಮ ಕಡೆಗೆ ತೂಗಿ ಬಂದು ಜೊಂಡಿನಿಂದ ದೂರವಾಗುತ್ತದೆ. ತಳ ಮುಟ್ಟಿದ ಮೇಲೆ ಒಂದು ಗೇಣು ಎತ್ತಿ ಮತ್ತೆ ಬೀಳಲು ಬಿಡಿ. ಕಣ್ಣು ದಾರ ನೀರು ಸೇರುವ ಜಾಗದ ಮೇಲಿರಲಿ. ಬಾಸ್ ಕಚ್ಚಿ ಎಳೆಯುವುದಿಲ್ಲ, ಬಾಯಿಯನ್ನು ಒಮ್ಮೆಲೇ ಹಿಗ್ಗಿಸಿ ನೀರಿನ ಸಮೇತ ಹೀರುತ್ತದೆ. ನೀವು ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಮುಗಿದಿರುತ್ತದೆ, ಸುಳ್ಳೆನಿಸಿದರೆ ಅಷ್ಟೇ ಬೇಗ ಉಗುಳುತ್ತದೆ. ಕೈಗೆ ಜಗ್ಗು ಬರಲೆಂದು ಕಾದವರಿಗೆ ಮೀನಿಲ್ಲ. ದಾರ ಚಿಮ್ಮಿದರೆ, ಪಕ್ಕಕ್ಕೆ ಸರಿದರೆ, ತಳ ಬರುವ ಮೊದಲೇ ಇಳಿಯುವುದು ನಿಂತರೆ ತಕ್ಷಣ ಸೆಳೆಯಿರಿ.

ಸೆಳೆದರೂ ತಪ್ಪುತ್ತಿದ್ದರೆ ಬಹುಪಾಲು ಬಿರುಗೂದಲಿನದೇ ತಪ್ಪು: ತೀರಾ ಗಡುಸಾದರೆ ಕೊಕ್ಕೆ ನಾಟುವುದಿಲ್ಲ. ಕೆಲವು ಎಳೆ ಕತ್ತರಿಸಿ, ಉಳಿದದ್ದನ್ನು ಬೀಸಣಿಗೆಯಂತೆ ಅರಳಿಸಿ. ದಾರ ಗಂಟಿನಲ್ಲೇ ತುಂಡಾದರೆ, ಒಣಗಂಟು ಬಿಗಿದಿದ್ದೀರಿ ಎಂದರ್ಥ. ಉಜ್ಜಾಟದ ಬಿಸಿಗೆ ಫ್ಲೋರೋಕಾರ್ಬನ್ ದಾರ ಸೊರಗುತ್ತದೆ. ಉಗುಳು ಬೇಕಾದದ್ದು ಇಲ್ಲಿ, ಎರೆಗಲ್ಲ: ಬಿಗಿಯುವ ಮುನ್ನ ಗಂಟನ್ನು ಒದ್ದೆ ಮಾಡಿ.

ಕೊರವನಿಗಾದರೆ ಹೆಣೆದ ದಾರವೇ ವಾಸಿ, ಆ ಮೀನಿನ ಹಲ್ಲು ಚೂಪು. ಅದು ಗಾಳಿ ಗುಟುಕರಿಸಲು ಮೇಲೆ ಬಂದು ಮುಳುಗಿದ ಜಾಗದ ಸ್ವಲ್ಪ ಆಚೆಗೆ ಜಿಗ್ ಇಳಿಸಿ. ನೀರಿನ ಮೇಲೆ ಮರಿಗಳ ಗುಂಪು ಗಿಜಿಗುಟ್ಟುತ್ತಿದ್ದರೆ ಅಲ್ಲಿ ಎಸೆಯಲೇಬೇಡಿ; ಕೆಳಗೆ ತಾಯಿ ತಂದೆ ಕಾವಲಿರುತ್ತವೆ, ಅವನ್ನು ಹಿಡಿದರೆ ಮರಿಗಳು ಬೇರೆ ಮೀನುಗಳ ಪಾಲು.