ಕ್ಯಾಮೆರಾದ ಭಾರ ಇರುವುದು ಗಾಜಿನಲ್ಲಿ

ಕ್ಯಾಮೆರಾ ತೂಕವಾಗಿದ್ದರೆ ಒಳ್ಳೆಯ ಮಾಲು ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಜರ್ಮನಿಯ ದುಬಾರಿ ಕಂಪನಿ ಲೈಕಾದ 2022ರ ಎಂ11 ಕ್ಯಾಮೆರಾ ನೋಡಿ. ಬ್ಯಾಟರಿ ಸೇರಿ ಬೆಳ್ಳಿ ಬಣ್ಣದ್ದು 640 ಗ್ರಾಂ, ಕಪ್ಪು ಬಣ್ಣದ್ದು 530 ಗ್ರಾಂ. ಒಳಗೆ ಚಿತ್ರ ಹಿಡಿಯುವ ಸೆನ್ಸರ್ ಒಂದೇ, ಬರುವ ಫೋಟೋನೂ ಒಂದೇ. ಮೇಲಿನ ತಗಡು ಒಂದಕ್ಕೆ ಹಿತ್ತಾಳೆ, ಇನ್ನೊಂದಕ್ಕೆ ಅಲ್ಯೂಮಿನಿಯಂ, ಅಷ್ಟೇ.

ಹಾಗಾದರೆ ದುಬಾರಿ ಕಂಪನಿಗಳು ಹಗುರವಾದ, ಅಗ್ಗದ ಮಾದರಿಗಳನ್ನೂ ತರಬೇಕಾ? ಖಂಡಿತ ತರಲಿ. ಆದರೆ ಹಗುರ, ಅಗ್ಗ ಎರಡನ್ನೂ ಒಂದೇ ಉಸಿರಿಗೆ ಕೇಳುತ್ತೇವಲ್ಲ, ಎಡವಟ್ಟು ಅಲ್ಲೇ. ಬೆನ್ನು ನೋಯಿಸುವುದು ಕ್ಯಾಮೆರಾ ಬಾಡಿಗಿಂತ ಜಾಸ್ತಿ ಲೆನ್ಸು.

ಫೋಕಲ್ ಲೆಂಗ್ತನ್ನು (ದೂರದಿಂದ ಬಂದ ಬೆಳಕು ಲೆನ್ಸಿನ ಹಿಂದೆ ಕೂಡುವ ದೂರ) ಲೆನ್ಸಿನ ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಬರುವ ಬಾಯಿಯ ಅಗಲ ಸಿಗುತ್ತದೆ. 50 ಎಂಎಂ ಲೆನ್ಸು ಎಫ್/2 ಆದರೆ 25 ಮಿಲಿಮೀಟರ್, ಎಫ್/0.95 ಆದರೆ ಸುಮಾರು 53. ಬಾಯಿ ಎರಡು ಪಟ್ಟು, ಬೆಳಕು ನಾಲ್ಕು ಪಟ್ಟಿಗಿಂತ ಚೂರು ಜಾಸ್ತಿ. ಇದೇನೂ ಪುಕ್ಕಟೆ ಬರುವುದಿಲ್ಲ. ಅದೇ ಬಾಗು ಇಟ್ಟುಕೊಂಡು ಗಾಜನ್ನು ಅಗಲ ಮಾಡಿದರೆ ಅದು ನಡುವೆ ಉಬ್ಬಲೇಬೇಕು. ಅದಕ್ಕಿಂತ ದೊಡ್ಡ ತಲೆನೋವು ಅಂಚಿನದು. ಗೋಳದ ಮೈಯಿರುವ ಗಾಜಿನ ಅಂಚಿನಲ್ಲಿ ಹಾಯುವ ಕಿರಣ ಬೇಕಾದ್ದಕ್ಕಿಂತ ಹೆಚ್ಚು ಬಾಗುತ್ತದೆ. ನಡುವಿನ ಕಿರಣಗಳು ಕೂಡುವ ಜಾಗಕ್ಕಿಂತ ಮುಂಚೆಯೇ ಕೂಡಿಬಿಡುತ್ತದೆ. ಚಿತ್ರ ಮಸುಕು. ಅದನ್ನು ತಿದ್ದಲು ಇನ್ನೊಂದು ಗಾಜು, ಆ ಗಾಜಿನ ತಪ್ಪು ತಿದ್ದಲು ಮತ್ತೊಂದು. ಲೈಕಾದ್ದೇ 50 ಎಂಎಂ ಎಫ್/2 ಲೆನ್ಸು ಸುಮ್ಮಿಕ್ರಾನ್‌ನಲ್ಲಿ 6 ಗಾಜು, ತೂಕ ಸುಮಾರು 240 ಗ್ರಾಂ. ಎಫ್/0.95 ನಾಕ್ಟಿಲಕ್ಸ್‌ನಲ್ಲಿ 8 ಗಾಜು, 700 ಗ್ರಾಂ.

ಗಾಜು ಇಳಿಸುವ ಉಪಾಯದ ಬೇರು ದೀಪಸ್ತಂಭದಲ್ಲಿದೆ. ಫ್ರಾನ್ಸಿನ ವಿಜ್ಞಾನಿ ಫ್ರೆನೆಲ್ ದಪ್ಪ ಲೆನ್ಸಿನ ಬಾಗಿದ ಮೈಯನ್ನಷ್ಟೇ ಉಳಿಸಿಕೊಂಡು ಉಂಗುರ ಉಂಗುರವಾಗಿ ಜೋಡಿಸಿದ. 1823ರಲ್ಲಿ ಕೊರ್ಡುವಾನ್ ದೀಪಸ್ತಂಭದಲ್ಲಿ ಅದು ಬೆಳಗಿತು. ಇದರ ದೂರದ ನೆಂಟನೊಂದನ್ನು, ಕೂದಲಿಗಿಂತ ಸೂಕ್ಷ್ಮ ಗೀರುಗಳಿಂದ ಬೆಳಕನ್ನು ಬಾಗಿಸುವ ಗಾಜನ್ನು, ನಿಕಾನ್ 2015ರಲ್ಲಿ 300 ಎಂಎಂ ಎಫ್/4 ಲೆನ್ಸಿಗೆ ಹಾಕಿತು. ಹಳೆಯದು 1440 ಗ್ರಾಂ ಇತ್ತು, ಹೊಸದು 755. ಬೆಲೆ ಮಾತ್ರ ಹಳೆಯದಕ್ಕಿಂತ ಜಾಸ್ತಿ! ಫ್ರೇಮಿನಲ್ಲಿ ಜೋರು ದೀಪ ಬಂದರೆ ಅದರ ಸುತ್ತ ಬಣ್ಣದ ಉಂಗುರ ಬೇರೆ.

ಲೈಕಾ ಹುಟ್ಟಿದ್ದೇ ಗಾಜಿನ ಪ್ಲೇಟಿನ ಮೇಲೆ ಚಿತ್ರ ತೆಗೆಯುವ ಭಾರದ ಕ್ಯಾಮೆರಾಗಳಿಂದ ತಪ್ಪಿಸಿಕೊಳ್ಳಲು, ಅಲ್ವಾ? 1973ರಲ್ಲಿ ಮಿನೋಲ್ಟಾ ಜೊತೆ ಸೇರಿ ಸಿಎಲ್ ಎಂಬ ಪುಟ್ಟ, ಅಗ್ಗದ ಕ್ಯಾಮೆರಾವನ್ನೂ ತಂದಿತ್ತು. ಅದು ಚೆನ್ನಾಗಿ ಮಾರಾಟವಾಗಿ ಲೈಕಾದ್ದೇ ದುಬಾರಿ ಎಂ5 ಕ್ಯಾಮೆರಾಗೆ ಮನೆಯೊಳಗೇ ಪೈಪೋಟಿ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ನಿಂತೂ ಹೋಯಿತು. ಕಂಪನಿಗಳಿಗೆ ಈ ಪೈಪೋಟಿಯದೇ ಹೆದರಿಕೆ. ನನಗಂತೂ ಅದು ಸುಮ್ನೆ ಹೆದರಿಕೆ ಅನ್ನಿಸುತ್ತದೆ. ಗಿರಾಕಿ ಹೋದದ್ದು ಬೇರೆ ಕಂಪನಿಗಲ್ಲವಲ್ಲ.

ಹಾಗಾಗಿ ನಾವು ಕೇಳಬೇಕಾದ್ದು ಹಿತ್ತಾಳೆ ಇಲ್ಲದ ಬಾಡಿ ಮತ್ತು ಒಂದು ಸಾದಾ ಎಫ್/2.8 ಲೆನ್ಸು. ಎಫ್/2ರಿಂದ ಇಲ್ಲಿಗೆ ಇಳಿದರೆ ಬೆಳಕು ಅರ್ಧವಾಗುತ್ತದೆ. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 400 ಇದ್ದದ್ದನ್ನು 800 ಮಾಡಿದರೆ ಸರಿಹೋಯಿತು. ಈಗಿನ ಸೆನ್ಸರ್‌ಗಳಿಗೆ ಅದು ಲೆಕ್ಕಕ್ಕೇ ಇಲ್ಲ. ಹಿನ್ನೆಲೆ ಮಾತ್ರ ಅಷ್ಟು ಮಸುಕಾಗುವುದಿಲ್ಲ.